ಕಾಯಕವೂ ಕನಸೂ

ಉಳವಿಯ ಕಾಡಿನಲ್ಲಿ ಚೆನ್ನಬಸವಣ್ಣನವರ ಸಮಾಧಿಯನ್ನು ಕಂಡವರಿಗೆ ಕಾಯಕ, ದಾಸೋಹಗಳೆಂಬ ನುಡಿಗಳು ನೆನಪಾಗದಿರವು. ದುಡಿದು ಉಣ್ಣುವುದು ಕಾಯಕ. ಅದರ ಫಲವನ್ನು ಹಂಚುವುದು ದಾಸೋಹ. 12ನೆಯ ಶತಮಾನದ ಈ ತತ್ತ್ವವು ಗಣಕಯಂತ್ರದ ಕಾಲಕ್ಕೂ ಸಲ್ಲುವುದೆ? ಕಿನ್ನಿಕಂಬಳದ ಕೆ. ಪಿ. ರಾಯರ ಬಾಳು ಸಲ್ಲುವುದೆನ್ನುತ್ತದೆ. ಮುದ್ರಣದ ಉದ್ಯೋಗದಲ್ಲಿ ದುಡಿದು ಅವರು ಅಕ್ಷರಗಳ ಮರ್ಮವನ್ನರಿತರು. ಇಂಗ್ಲಿಷ್ ಕೀಲಿಮಣೆಯ ಮೇಲೆಯೇ ಕನ್ನಡವನ್ನು ಉಚ್ಚಾರಣೆಯಂತೆ ಒತ್ತಿ ಬರೆಯುವ ಕ್ರಮವನ್ನು ರೂಪಿಸಿದರು. ಪಂಡಿತ ಸೇಡಿಯಾಪು ಕೃಷ್ಣಭಟ್ಟರ ಹೆಸರನ್ನಿಟ್ಟ ತಂತ್ರಾಂಶವನ್ನು ಉಚಿತವಾಗಿ ಹಂಚಿದರು. ಸರಕಾರವು ಮುಂದೆ ಒಪ್ಪಿದ ಕೀಲಿಮಣೆಗೆ ಆ ಕ್ರಮವೇ ಮೂಲವಾಯಿತು.

ಉದ್ಯೋಗವು ಸ್ವಾತಂತ್ರ್ಯವನ್ನು ಕಸಿಯುವುದೆಂದು ತರುಣರು ಮರುಗುವುದುಂಟು. ಆದರೆ ಅನ್ನಕ್ಕೆ ದಾರಿಯಿದ್ದವನ ಕನಸು ಮಾರಾಟದ ಹಂಗಿಗೆ ಬೀಳಬೇಕಿಲ್ಲ. ಕೈಯಲ್ಲಿ ಕುಶಲತೆಯಿಲ್ಲದವನ ಕನಸಾದರೋ, ಕನಸಾಗಿಯೇ ಉಳಿದೀತು.