ಎರಡು ಸೀಟಿನ ಕಾರು ಮತ್ತು ಅಪ್ಪಯ್ಯನ ಕಿವಿ

ಮಿಶಿಗನ್‌ನಲ್ಲಿ ಏಪ್ರಿಲ್ ಬಂತು ಅಂದ್ರೆ ಜನ ಎರಡು ಕೆಲಸ ಮಾಡ್ತಾರೆ. ದಪ್ಪ ಜಾಕೆಟ್ಟುಗಳನ್ನೆಲ್ಲ ಕಟ್ಟಿ ಒಳಗಿಡೋದು ಒಂದು. ಇಟ್ಟ ವಾರಕ್ಕೇ ಮತ್ತೆ ಹಿಮ ಬಿದ್ದು, ಬೈಕೊಂಡು ಹೊರಗೆ ತೆಗೆಯೋದು ಇನ್ನೊಂದು. ನನ್ನಂಥ ಕೆಲವರಿಗೆ ಮೂರನೆಯದೂ ಇದೆ. ಅಕ್ಟೋಬರ್ ಕೊನೆಗೆ ಗ್ಯಾರೇಜಿನಲ್ಲಿ ಹೊದಿಕೆ ಹೊದೆಸಿ ಮಲಗಿಸಿದ ಕಾರನ್ನು ಎಬ್ಬಿಸೋದು.

ಕಾರು ಅಂದ್ರೆ ಮನೆಮಂದಿ ಕೂತು ಹೋಗುವ ಕಾರಲ್ಲ. 2008ರ ಮಾಡೆಲ್, ಜಪಾನಿನದು. ಎರಡೇ ಸೀಟು, ಮಡಚುವ ಟಾಪು, ಕೈಯಲ್ಲೇ ಗೇರು ಹಾಕಬೇಕು. ನೆಲಕ್ಕೆ ಎಷ್ಟು ಹತ್ತಿರ ಅಂದರೆ ಹತ್ತೋದಲ್ಲ, ಅದರೊಳಕ್ಕೆ ಇಳಿಯೋದು. ಇಲ್ಲಿ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರೀತಾರೆ, ಅದು ಕಾರಿನ ಅಡಿಯ ಕಬ್ಬಿಣವನ್ನು ತಿನ್ನುತ್ತದೆ. ಬೇಸಿಗೆ ಟೈರುಗಳ ರಬ್ಬರು ಏಳು ಡಿಗ್ರಿಗಿಂತ ಕೆಳಗೆ ಗಟ್ಟಿಯಾಗಿ ಹಿಡಿತ ಬಿಡುತ್ತದೆ. ಹಾಗಾಗಿ ಐದಾರು ತಿಂಗಳು ಇಂಥ ಕಾರುಗಳಿಗೆ ಕುಂಭಕರ್ಣ ನಿದ್ದೆ.

ಮಲಗಿಸುವಾಗ ಶಾಸ್ತ್ರೋಕ್ತವಾಗಿಯೇ ಮಲಗಿಸಿದ್ದೆ. ಟ್ಯಾಂಕು ತುಂಬಿಸಿ, ಪೆಟ್ರೋಲು ಕೆಡದ ಹಾಗೆ ಹಾಕುವ ದ್ರವ ಹಾಕಿ, ಆಯಿಲ್ ಬದಲಿಸಿ, ಟೈರಿಗೆ ಗಾಳಿ ಸ್ವಲ್ಪ ಜಾಸ್ತಿ ಹೊಡೆಸಿ, ಬ್ಯಾಟರಿಗೆ ಸಣ್ಣ ಚಾರ್ಜರ್ ಸಿಕ್ಕಿಸಿ ಬಂದಿದ್ದೆ. ನಿಂತ ಕಾರೂ ಕರೆಂಟು ಕುಡೀತಾನೇ ಇರುತ್ತೆ. ಗಡಿಯಾರ, ಅಲಾರಂ, ಕಂಪ್ಯೂಟರಿನ ನೆನಪು ಎಲ್ಲ ಸೇರಿ 50 ಮಿಲಿ ಆಂಪಿಯರ್ ಅಂತಿಟ್ಟುಕೊಳ್ಳಿ. ದಿನಕ್ಕೆ 1.2 ಆಂಪಿಯರ್ ಅವರ್ ಆಯ್ತು. ನನ್ನದು 40ರ ಬ್ಯಾಟರಿ. ಒಂದೇ ತಿಂಗಳಿಗೆ ಖಾಲಿ. ಅದಕ್ಕೇ ಚಾರ್ಜರು.

ಆದರೆ ಇಲ್ಲಿನ ಗ್ಯಾರೇಜಿನ ಪ್ಲಗ್ಗುಗಳಲ್ಲಿ ಒಂದು ಗುಂಡಿ ಇರುತ್ತದೆ. ಎಲ್ಲಾದರೂ ಕರೆಂಟು ಸೋರಿತು ಅನ್ನಿಸಿದರೆ ಟಕ್ ಅಂತ ತಾನೇ ಬಂದಾಗುತ್ತದೆ. ಯಾವುದೋ ಒದ್ದೆ ದಿನ ಅದು ಟಕ್ ಅಂದಿದೆ. ನಾನು ಚಳಿಗೆ ಹೆದರಿ ಆ ಕಡೆ ತಲೆ ಹಾಕಿಲ್ಲ. ಏಪ್ರಿಲ್ ಮೊದಲ ಶನಿವಾರ ಮೀಟರ್ ಹಿಡಿದರೆ 9.8 ವೋಲ್ಟ್. ತುಂಬಿದ ಬ್ಯಾಟರಿ 12.6 ತೋರಿಸಬೇಕು.

ಇನ್ನೊಂದು ಕಾರಿನಿಂದ ವಯರು ಕೊಟ್ಟು ಸ್ಟಾರ್ಟ್ ಮಾಡಿದೆ. ಆಯ್ತು. ಜೊತೆಗೆ ಮೀಟರ್ ಬೋರ್ಡಿನ ತುಂಬ ದೀಪಾವಳಿ! ಎಬಿಎಸ್ಸಿಂದು, ಚಕ್ರ ಜಾರದ ಹಾಗೆ ನೋಡ್ಕೊಳೋದು, ಬ್ಯಾಟರಿಯದು, ಎಲ್ಲಕ್ಕಿಂತ ಎದ್ದು ಕಾಣುವ ಹಳದಿ ಇಂಜಿನ್ ಚಿತ್ರ. ಅದೊಂದು ಸುಮ್ಮನೆ ಉರೀತಿರಲಿಲ್ಲ, ಮಿನುಗ್ತಾ ಇತ್ತು.

ಇಲ್ಲಿ ಒಂದು ಮಾತು, ನಿಮಗೂ ಉಪಯೋಗಕ್ಕೆ ಬರಬಹುದು. ಆ ದೀಪ ಸ್ಥಿರವಾಗಿ ಉರಿದರೆ ಬಿಡುವು ಮಾಡಿಕೊಂಡು ನೋಡಿ ಅಂತ ಅರ್ಥ. ಮಿನುಗಿದರೆ ಈಗಲೇ ನೋಡಿ ಅಂತ. ಯಾವುದೋ ಸಿಲಿಂಡರಿನಲ್ಲಿ ಕಿಡಿ ಸರಿಯಾಗಿ ಹತ್ತದೆ, ಉರಿಯದ ಪೆಟ್ರೋಲು ಹೊಗೆ ಕೊಳವೆಗೆ ಹೋಗಿ, ಅಲ್ಲಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರನ್ನು ಸುಡ್ತಾ ಇದೆ ಅಂತ. ಅದರ ಬೆಲೆ ಕೇಳಿದರೆ ಮನುಷ್ಯನೂ ಮಿನುಗ್ತಾನೆ. ತಕ್ಷಣ ಆಫ್ ಮಾಡಿದೆ.

ಹದಿಮೂರು ವರ್ಷ ಸಾಫ್ಟ್‌ವೇರಿನಲ್ಲಿ ಕೂತವನಿಗೆ ಒಂದು ಅಭ್ಯಾಸ. ಒಟ್ಟಿಗೆ ಹತ್ತು ಎರರ್ ಬಂದರೆ ಹತ್ತನ್ನೂ ನಂಬೋದಿಲ್ಲ. ಬುಡದಲ್ಲಿ ಒಂದು ಇರುತ್ತೆ, ಉಳಿದವು ಅದರ ಮಕ್ಕಳು ಮರಿಗಳು. ಕಾರೂ ಈಗ ಹಾಗೇ. ಬ್ರೇಕಿಗೊಂದು, ಇಂಜಿನ್ನಿಗೊಂದು ಅಂತ ಪುಟ್ಟ ಪುಟ್ಟ ಕಂಪ್ಯೂಟರುಗಳು, ಅವೆಲ್ಲ ಎರಡು ವಯರಿನ ಮೇಲೆ ಪರಸ್ಪರ ಹರಟುತ್ತವೆ. ವೋಲ್ಟೇಜು ಬಿತ್ತು ಅಂದರೆ ಒಂದಕ್ಕೆ ಇನ್ನೊಂದರ ಮಾತು ಕೇಳಿಸೋದಿಲ್ಲ, ಎಲ್ಲವೂ ದೂರು ಬರೆದಿಡುತ್ತವೆ. ಹಳೇ ಬ್ಯಾಟರಿ ರಾತ್ರಿಯಿಡೀ ಚಾರ್ಜ್ ಮಾಡಿದರೂ 12.1ಕ್ಕಿಂತ ಮೇಲೇಳಲಿಲ್ಲ. ಹೊಸದು ತಂದು ಹಾಕಿದೆ. ಇಂಜಿನ್ ಓಡುವಾಗ 14.2, ಅಂದರೆ ಆಲ್ಟರ್ನೇಟರ್ ಸರಿ ಇದೆ. ಸ್ಟೀರಿಂಗನ್ನು ಈ ತುದಿಯಿಂದ ಆ ತುದಿಗೆ ಒಮ್ಮೆ ತಿರುಗಿಸಿದ ಮೇಲೆ ಉಳಿದ ದೀಪಗಳು ಒಂದೊಂದಾಗಿ ಆರಿದವು.

ಇಂಜಿನ್ನಿನದು ಮಾತ್ರ ಹೋಗಲಿಲ್ಲ.

ಅಮೆರಿಕದಲ್ಲಿ 1996ರಿಂದೀಚಿನ ಎಲ್ಲ ಕಾರಿಗೂ ಸ್ಟೀರಿಂಗಿನ ಕೆಳಗೆ ಒಂದೇ ನಮೂನೆಯ ಸಾಕೆಟ್ ಇರಲೇಬೇಕು, ಒಬಿಡಿ ಅಂತಾರೆ. ಇಪ್ಪತ್ತು ಡಾಲರಿನ ಒಂದು ಡಬ್ಬಿ ಸಿಕ್ಕಿಸಿದರೆ ಫೋನಿಗೇ ಕೋಡ್ ಬರುತ್ತೆ. ಪಿ0302. ಪಿ ಅಂದರೆ ಇಂಜಿನ್ ಕಡೆಯದು, 3 ಅಂದರೆ ಕಿಡಿಗೆ ಸಂಬಂಧಪಟ್ಟದ್ದು, 02 ಅಂದರೆ ಎರಡನೇ ಸಿಲಿಂಡರ್. ಕೋಡು ಊರು ಹೇಳುತ್ತೆ, ಮನೆ ನಂಬರ್ ಹೇಳಲ್ಲ. ಕಾಯಿಲ್ ಇರಬಹುದು, ಪ್ಲಗ್ ಇರಬಹುದು, ಪೆಟ್ರೋಲು ಚಿಮ್ಮುವ ಇಂಜೆಕ್ಟರ್ ಇರಬಹುದು. ಕೋಡು ನೋಡಿದ ತಕ್ಷಣ ಕಾಯಿಲ್ ಆರ್ಡರ್ ಮಾಡೋರು ಇದ್ದಾರೆ. ಅದು ಲಾಗ್‌ನ ಮೊದಲ ಸಾಲು ಓದಿ ಸರ್ವರ್ ಬದಲಿಸಿದ ಹಾಗೆ.

ಈ ಇಂಜಿನ್ನಿನಲ್ಲಿ ಸಿಲಿಂಡರಿಗೊಂದು ಕಾಯಿಲ್. ಎರಡನೆಯದನ್ನು ಕಿತ್ತು ಮೂರನೆಯದಕ್ಕೆ, ಮೂರನೆಯದನ್ನು ಎರಡಕ್ಕೆ ಹಾಕಿದೆ. ಕಾಯಿಲ್ ಕೆಟ್ಟಿದ್ದರೆ ಕೋಡು ಅದರ ಹಿಂದೆಯೇ ಹೋಗಿ ಪಿ0303 ಆಗಬೇಕು. ಆಗಲಿಲ್ಲ. ಪ್ಲಗ್ಗುಗಳನ್ನೂ ಹಾಗೇ ಅದಲುಬದಲು ಮಾಡಿದೆ. ಮತ್ತೆ ಪಿ0302. ಶನಿವಾರ ಹೋಯ್ತು, ಭಾನುವಾರ ಬೆಳಗಿನ ಹತ್ತೂ ಆಯ್ತು.

ಆಗ ನೆನಪಾದವರು ಅಪ್ಪಯ್ಯ. ತೋಟ ನೋಡಿಕೊಳ್ಳೋಕೆ ಮುಂಚೆ ಹತ್ತು ವರ್ಷ ತೀರ್ಥಹಳ್ಳಿ ಕಡೆ ಬಾಡಿಗೆ ಜೀಪು ಓಡಿಸಿದವರು. ಜೀಪು ದಿಬ್ಬ ಹತ್ತುವ ಸದ್ದು ಕೇಳಿಯೇ ಎಷ್ಟು ಜನ ಕೂತಿದ್ದಾರೆ ಅಂತ ಹೇಳ್ತಿದ್ದರು. ಅವರಿಗೊಂದು ವಿಡಿಯೋ ಕಾಲ್ ಮಾಡಿ ಇಂಜಿನ್ ಸದ್ದು ಕೇಳಿಸಿದ್ರೆ ಆಯ್ತು. ಊರಲ್ಲಿ ಸಂಜೆ ಏಳೂವರೆ, ಮನೆಯಲ್ಲೇ ಇರ್ತಾರೆ.

ಕಷ್ಟ ಇದ್ದದ್ದು ಬೇರೆ. ಈ ಕಾರು ಇರೋದೇ ಅಪ್ಪಯ್ಯನಿಗೆ ಗೊತ್ತಿರಲಿಲ್ಲ.

ತಗೊಂಡದ್ದು 2022ರ ಜೂನಿನಲ್ಲಿ. ಹೇಳಿದರಾಯ್ತು ಅಂತ ಒಂದು ತಿಂಗಳು ತಳ್ಳಿದೆ. ಅಷ್ಟರಲ್ಲಿ ತೋಟಕ್ಕೆ ಎಲೆಚುಕ್ಕೆ ರೋಗ ಬಂತು. ಆ ವರ್ಷ ಮಲೆನಾಡಿನಲ್ಲಿ ಅಡಿಕೆ ಬೆಳೆದವರನ್ನು ಯಾರನ್ನು ಬೇಕಾದರೂ ಕೇಳಿ, ಸೋಗೆ ಹಳದಿಯಾಗಿ ಸುಟ್ಟ ಹಾಗೆ ಜೋತುಬಿದ್ದದ್ದನ್ನು ಹೇಳ್ತಾರೆ. ನವೆಂಬರಿನಲ್ಲಿ ಅಪ್ಪಯ್ಯ ಫೋನ್ ಮಾಡಿ, "ಸೊಸೈಟಿ ಸಾಲದ ಕಂತಿತ್ತು ಮಾರಾಯ, ಎರಡು ಲಕ್ಷ ಹೊಂದ್ಸಕ್ಕೆ ಆಗ್ತದಾ ನೋಡು" ಅಂದರು. ಜೀವಮಾನದಲ್ಲಿ ಅವರು ನನ್ನನ್ನು ದುಡ್ಡು ಕೇಳಿದ್ದು ಅದೊಂದೇ ಸಲ. ನಾನು ಐವತ್ತು ಸಾವಿರ ಕಳಿಸಿ, ಕೈ ಸ್ವಲ್ಪ ಬಿಗಿ ಇದೆ ಅಪ್ಪಯ್ಯಾ ಅಂದೆ. ಬಿಗಿ ಇದ್ದದ್ದು ಸುಳ್ಳಲ್ಲ. ಯಾಕೆ ಬಿಗಿ ಅಂತ ಹೇಳಲಿಲ್ಲ ಅಷ್ಟೇ. ಅಮ್ಮನ ಎರಡು ಬಳೆ ಬ್ಯಾಂಕಿಗೆ ಹೋದವು ಅಂತ ಅಕ್ಕ ಹೇಳಿದ್ದು ಎಷ್ಟೋ ದಿನದ ಮೇಲೆ. ಅಷ್ಟು ಹೊತ್ತಿಗೆ ಕಾರಿನ ವಿಷಯ ಹೇಳೋ ಬಾಗಿಲೇ ಮುಚ್ಚಿಹೋಗಿತ್ತು.

ಸ್ನೇಹಿತನ ಕಾರು ಅಂತ ಹೇಳಿಬಿಡೋಣ ಅಂದುಕೊಂಡೇ ಫೋನ್ ಹಚ್ಚಿದೆ. ಗ್ಯಾರೇಜಿನ ಬಾಗಿಲು ಪೂರ್ತಿ ತೆರೆದು (ಮುಚ್ಚಿದ ಗ್ಯಾರೇಜಿನಲ್ಲಿ ಇಂಜಿನ್ ಓಡಿಸಿ ಸತ್ತವರಿದ್ದಾರೆ) ಸ್ಟಾರ್ಟ್ ಮಾಡಿ, ಫೋನನ್ನು ಬಾನೆಟ್ಟಿನ ಕಡೆ ಹಿಡಿದೆ.

"ನಾಕ್ರಲ್ಲಿ ಒಂದು ಬಿಟ್ಟು ಬಿಟ್ಟು ಹೊಡೀತದೆ" ಅಂದರು, ಕಣ್ಣು ಮುಚ್ಚಿಕೊಂಡೇ. "ಪೂರ್ತಿ ಸತ್ತಿಲ್ಲ ಅದು. ಪೂರ್ತಿ ಸತ್ತಿದ್ರೆ ಹೊಡೆತ ಒಂದೇ ಸಮ ತಪ್ತದೆ. ಇದು ಒಂದ್ಸಲ ಹತ್ತತದೆ, ಒಂದ್ಸಲ ಇಲ್ಲ. ಯಾರ ಕಾರು?"

ಸ್ನೇಹಿತನದು ಅನ್ನಬೇಕಿತ್ತು. ಬಾಯಿಗೆ ಬರಲಿಲ್ಲ.

"ನಂದೇ, ಅಪ್ಪಯ್ಯಾ."

"ಎರಡೇ ಸೀಟು ಕಾಣ್ತದೆ."

"ಹೂಂ."

"ಯಾವಾಗ ತಗಂಡಿ?"

"ಎರಡು ವರ್ಷ ಆಗ್ತಾ ಬಂತು."

ಆ ಕಡೆ ಟಿವಿ ಸದ್ದು ಕೇಳ್ತಿತ್ತು. ಅಪ್ಪಯ್ಯ ಎದ್ದು ಜಗುಲಿಗೆ ಬಂದರು. ಲೆಕ್ಕ ಹಾಕ್ತಿದ್ದಾರೆ ಅಂತ ಮುಖ ನೋಡಿಯೇ ಗೊತ್ತಾಯ್ತು.

"ಎಷ್ಟು ದೀಪ ಅದಾವೆ ಮಾರಾಯ ಅದ್ರಲ್ಲಿ. ನಮ್ಮ ಜೀಪಲ್ಲಿ ಆಯಿಲಿಂದೊಂದು, ಚಾರ್ಜಿಂದೊಂದು, ಎರಡೇ ಇದ್ದದ್ದು" ಅಂದರು. ಸ್ವಲ್ಪ ತಡೆದು, "ಟಾರ್ಚ್ ಹಿಡಿ. ಹಿಂದ್ಗಡೆ ತೋರ್ಸು. ಆರು ತಿಂಗಳು ನಿಂತದ್ದು ಅಂತಿ, ಇಲಿ ನೋಡಿದ್ಯಾ?"

ನೋಡಿರಲಿಲ್ಲ. ಕಾಯಿಲಿನ ಬಾಯಿ ನೋಡಿದ್ದೆ, ವಯರು ಬಂದ ದಾರಿ ನೋಡಿರಲಿಲ್ಲ. ನಮ್ಮೂರ ಪಂಪ್‌ಸೆಟ್ಟಿನ ಸ್ಟಾರ್ಟರ್ ಡಬ್ಬಿಯೊಳಗೆ ಇಲಿ ವಯರು ಕಡಿದು, ಹಲ್ಲಿ ಸಿಕ್ಕಿ ಸುಟ್ಟು, ಮೋಟಾರು ಏಳದೇ ಇದ್ದದ್ದನ್ನು ಎಷ್ಟು ಸಲ ನೋಡಿಲ್ಲ ನಾನು! "ಫ್ಯಾನಿಗೆ, ಬೆಲ್ಟಿಗೆ ಕೈ ಕೊಡಬೇಡ, ಒಂದೊಂದೇ ವಯರು ಮೆತ್ತಗೆ ಅಲ್ಲಾಡ್ಸು, ಸದ್ದು ಬದಲಾಗ್ತದಾ ಕೇಳು" ಅಂದರು. ಒಂದು ಉದ್ದದ ಮರದ ಕಡ್ಡಿಯಲ್ಲಿ ಇಂಜಿನ್ನಿನ ಹಿಂಭಾಗದ ವಯರಿನ ಕಂತೆ ತಳ್ಳಿದೆ. ಸದ್ದು ಒಮ್ಮೆಲೇ ನುಣ್ಣಗಾಯ್ತು. ಬಿಟ್ಟೆ, ಮತ್ತೆ ಕುಂಟಿತು.

"ಅಲ್ಲೇ" ಅಂದರು ಅಪ್ಪಯ್ಯ.

ಆಫ್ ಮಾಡಿ ಟೇಪು ಬಿಚ್ಚಿದರೆ, ಎರಡನೇ ಕಾಯಿಲಿಗೆ ಹೋಗುವ ಮೂರು ವಯರಿನಲ್ಲಿ ಒಂದರ ಮೈಮೇಲೆ ಹಲ್ಲಿನ ಗುರುತು. ಒಳಗಿನ ತಾಮ್ರದ ಎಳೆಗಳಲ್ಲಿ ಎರಡೋ ಮೂರೋ ಉಳಿದಿದ್ದವು. ಪಕ್ಕದಲ್ಲೇ ಒಣಹುಲ್ಲು, ಹತ್ತಿ, ಸಿಪ್ಪೆ, ಒಂದು ಸಂಸಾರ ಹೂಡಿ ಹೋದ ಗುರುತು. ವಾಹನದೊಳಗೇ ಗಣಪತಿಯ ವಾಹನ. ಬ್ಯಾಟರಿ ವಯರು ಕಳಚಿ, ಕಡಿದ ಭಾಗ ಕತ್ತರಿಸಿ, ಹೊಸ ತುಂಡು ಬೆಸುಗೆ ಹಾಕಿ, ಬಿಸಿ ಮಾಡಿದರೆ ಕುಗ್ಗುವ ಕೊಳವೆ ತೊಡಿಸಿದೆ. ಇಲಿ ಕಚ್ಚದಿರಲಿ ಅಂತ ಮೆಣಸಿನ ಖಾರ ಸೇರಿಸಿದ ಟೇಪೇ ಇಲ್ಲಿ ಸಿಗುತ್ತೆ, ತಮಾಷೆಯಲ್ಲ. ಅದನ್ನೂ ಸುತ್ತಿದೆ. ಒಂದು ಗಂಟೆಯ ಕೆಲಸ. ಅಷ್ಟೂ ಹೊತ್ತು ಅಪ್ಪಯ್ಯ ಫೋನ್ ಇಡಲಿಲ್ಲ. ನಡುವೆ ಊಟಕ್ಕೆ ಕರೆದರೂ "ಆಮೇಲೆ" ಅಂದದ್ದು ಕೇಳಿಸಿತು.

ಕೋಡು ಅಳಿಸಿ ಸ್ಟಾರ್ಟ್ ಮಾಡಿದೆ. ದೀಪಗಳೆಲ್ಲ ಒಮ್ಮೆ ಹತ್ತಿ, ಆರಿದವು. ಹಳದಿ ದೀಪ ಮತ್ತೆ ಬರಲಿಲ್ಲ.

"ಎಷ್ಟು ಕೊಟ್ಟೆ?" ಅಂದರು.

"ಒಂಬತ್ತು ಸಾವಿರ ಡಾಲರ್." ಡಾಲರಿನಲ್ಲಿ ಹೇಳಿದರೆ ಸಣ್ಣದಾಗಿ ಕೇಳಿಸೀತು ಅನ್ನೋ ಆಸೆ. ಆದರೆ ಅಪ್ಪಯ್ಯ ದಿನಾ ಪೇಪರಿನಲ್ಲಿ ಅಡಿಕೆ ರೇಟು ನೋಡಿದ ಮೇಲೆ ನೋಡೋದೇ ಡಾಲರ್ ರೇಟು.

"ಏಳೂವರೆ ಲಕ್ಷ ಆತು."

"ಹೂಂ."

"ಬಳೆ ಹೋದ ವರ್ಷವೇ ಬಿಡಿಸ್ಕಂಡು ಬಂದಾತು" ಅಂದರು. "ನಿನ್ನ ಅಮ್ಮಂಗೆ ನಾನು ಎಂತದೂ ಹೇಳದಿಲ್ಲ. ನೀನೇ ಹೇಳು. ಊಟಕ್ಕೆ ಕರೀತಿದಾರೆ, ಇಡ್ತೀನಿ."

ಆ ವಾರ ಮೂರು ದಿನ ಕಾರು ತಗೊಂಡು ಆಫೀಸಿಗೆ ಹೋದೆ. ಪ್ರತಿ ಸಿಗ್ನಲ್ಲಿನಲ್ಲೂ ಕಣ್ಣು ಮೀಟರ್ ಬೋರ್ಡಿನ ಮೇಲೇ. ಮುಂದಿನ ಭಾನುವಾರ ಊರಿಗೆ ಫೋನ್ ಮಾಡಿದರೆ ಅಮ್ಮ ಎತ್ತಿದಳು.

"ನಿನ್ನ ಅಪ್ಪಯ್ಯ ಒಂದು ವಾರದಿಂದ ಇಲಿ ಬೋನು ತರ್ಬೇಕು, ಇಲಿ ಬೋನು ತರ್ಬೇಕು ಅಂತಿದಾರೆ. ನಮ್ಮನೇಲಿ ಇಲಿನೇ ಇಲ್ಲ. ಕೇಳಿದ್ರೆ ನಿನ್ನನ್ನ ಕೇಳು ಅಂತಾರೆ. ಎಂತದ ಅದು?"

"ಅಮ್ಮಾ, ಸ್ವಲ್ಪ ಕೂತ್ಕೋ" ಅಂದೆ. "ಎರಡು ವರ್ಷದ ಹಿಂದೆ ನಾನೊಂದು ಕಾರು ತಗೊಂಡೆ."