ತಮ್ಮನ ಎಂಟು ತಿಂಗಳ ರಜೆ

ಸಾಂದರ್ಭಿಕ ರಜೆ, ಗಳಿಕೆ ರಜೆ, ಅರ್ಧ ವೇತನ ರಜೆ, ದಸರಾ ರಜೆ, ಬೇಸಿಗೆ ರಜೆ – ಮೇಷ್ಟ್ರ ಬದುಕಿನಲ್ಲಿ ರಜೆಗೂ ಒಂದು ವ್ಯಾಕರಣವುಂಟು. ಮೂವತ್ತೆರಡು ವರ್ಷ ಆ ವ್ಯಾಕರಣದ ನೆರಳಿನಲ್ಲಿ ಬದುಕಿದವನು ನಾನು. ಆದರೆ ಆ ಪದಕ್ಕೆ ಎಷ್ಟು ಬೆಲೆ ತೆರಬೇಕಾಗುತ್ತದೆ ಎಂಬುದನ್ನು ಹತ್ತಿರದಿಂದ ಕಂಡದ್ದು ನಿವೃತ್ತಿಯ ನಂತರ, ಲಾರಿ ಚಾಲಕನಾದ ನನ್ನ ತಮ್ಮನ ಮನೆಯಲ್ಲಿ.

ನೆಂಟರಿಗೆಲ್ಲ ಅವನು ಗೊತ್ತು. ಹಳೆಯ ವಿದ್ಯಾರ್ಥಿಗಳಿಗಾಗಿ ಎರಡು ಮಾತು ಹೇಳುತ್ತೇನೆ. ತಿಪಟೂರಿನ ಮಾರುಕಟ್ಟೆಯಿಂದ ಉಂಡೆ ಕೊಬ್ಬರಿ ಉತ್ತರ ಭಾರತಕ್ಕೆ ಹೋಗುವುದನ್ನು ನೀವು ಬಲ್ಲಿರಿ. ಆ ಮೂಟೆಗಳನ್ನು ಚಿತ್ರದುರ್ಗ, ಹುಬ್ಬಳ್ಳಿ, ಬೆಳಗಾವಿ, ಪುಣೆಗಳನ್ನು ದಾಟಿಸಿ ದೆಹಲಿಯವರೆಗೆ, ಎರಡು ಸಾವಿರ ಕಿಲೋಮೀಟರಿಗೂ ಮಿಗಿಲಾದ ದಾರಿಯಲ್ಲಿ, ಇಪ್ಪತ್ತೆರಡು ವರ್ಷ ಕೊಂಡೊಯ್ದವರಲ್ಲಿ ಅವನೂ ಒಬ್ಬ. ಬರುವಾಗ ಸಿಕ್ಕ ಲೋಡು. ಸಿಗದಿದ್ದರೆ ಲಾರಿಯ ಕೆಳಗೇ ಚಾಪೆ ಹಾಸಿ ಎರಡು ಮೂರು ದಿನ ಕಾಯುವುದು.

2014ರ ಜನವರಿಯಲ್ಲಿ ಅವನ ಬೆನ್ನು ಸೋತಿತು. ಎಡಗಾಲಿಗೆ ಜೋಮು ಹಿಡಿದು ಕ್ಲಚ್ ತುಳಿಯಲಾಗದ ಸ್ಥಿತಿ. ಕೆಳಬೆನ್ನಿನ ಡಿಸ್ಕ್ ಜಾರಿದೆ, ಕನಿಷ್ಠ ಆರು ತಿಂಗಳು ಸ್ಟೇರಿಂಗ್ ಮುಟ್ಟಬಾರದು ಎಂದರು ವೈದ್ಯರು. ಆಸನದ ಸತತ ಕಂಪನ, ಗಂಟೆಗಟ್ಟಲೆ ಒಂದೇ ಭಂಗಿ – ಈ ವೃತ್ತಿಯವರ ಬೆನ್ನನ್ನು ತಿನ್ನುವ ಶತ್ರುಗಳು ಇವೇ.

"ಅಣ್ಣಯ್ಯ, ನಿಂಗೆ ಕಾಯಿಲೆ ಆದ್ರೆ ರಜಾ ಅರ್ಜಿ ಬರೀತಿದ್ದೆ. ನಾನು ಯಾರಿಗೆ ಬರೀಲಿ?" ಎಂದು ಕೇಳಿದ. ಅದರಲ್ಲಿ ವ್ಯಂಗ್ಯವಿರಲಿಲ್ಲ, ನಿಜವಾಗಿಯೂ ತಿಳಿಯಬಯಸಿದ್ದ.

ಆಗ ಜಾರಿಯಲ್ಲಿದ್ದ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯನ್ನು ತರಿಸಿ ಓದಿದೆ. ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ದುಡಿಮೆ. ವರ್ಷದಲ್ಲಿ 240 ದಿನ ದುಡಿದವನಿಗೆ ಪ್ರತಿ 20 ದಿನಕ್ಕೆ ಒಂದು ದಿನದಂತೆ ಸಂಬಳ ಸಹಿತ ರಜೆ. ಅಕ್ಷರಗಳು ಸೊಗಸಾಗಿದ್ದವು. ಆದರೆ ಐವರು ಅಥವಾ ಹೆಚ್ಚು ಕಾರ್ಮಿಕರಿರುವ ಸಂಸ್ಥೆಗಳಿಗೆ ಮಾತ್ರ ಅದು ಅನ್ವಯಿಸುತ್ತಿತ್ತು. ಅವನ ಮಾಲೀಕರಿಗಿದ್ದದ್ದು ಒಂದೇ ಲಾರಿ. ಸಂಬಳವೆಂಬುದೂ ಇರಲಿಲ್ಲ, ಟ್ರಿಪ್ಪಿಗೆ ಇಷ್ಟೆಂದು ಕೂಲಿ, ದಾರಿಯ ಊಟಕ್ಕೆ ಬಾಟಾ. ಚಕ್ರ ತಿರುಗಿದರೆ ಅನ್ನ. ಮಾಲೀಕರನ್ನೂ ದೂರಲಾಗದು, ಲಾರಿ ನಿಂತರೂ ಸಾಲದ ಕಂತು ನಿಲ್ಲುವುದಿಲ್ಲ. ವಾರದೊಳಗೆ ಬೇರೆ ಚಾಲಕ ಬಂದ.

ಮನೆ ನಡೆದದ್ದು ತಮ್ಮನ ಹೆಂಡತಿಯ ಎರಡು ಹಸುಗಳಿಂದ ಮತ್ತು ಅಡವಿಟ್ಟ ಒಂದು ಸರದಿಂದ. "ಭಾವ, ಇವರು ಮನೇಲಿ ಇದ್ದಾರಲ್ಲ, ಅದೇ ಸಾಕು" ಎಂದು ಆಕೆ ಹೇಳುತ್ತಿದ್ದರೂ, ಡೇರಿಯ ಹಾಲಿನ ಪುಸ್ತಕವನ್ನು ದಿನಕ್ಕೆ ಎರಡು ಸಲ ತೆರೆದು ಕೂಡುತ್ತಿದ್ದಳು.

ಹಣಕ್ಕಿಂತ ಕಠಿಣವಾದದ್ದು ನಿದ್ರೆ. ರಾತ್ರಿಯೆಲ್ಲ ಲಾರಿ ಓಡಿಸಿದ ದೇಹ ರಾತ್ರಿ ಮಲಗಲು ಒಪ್ಪಲಿಲ್ಲ. ಎರಡು ಗಂಟೆಗೆ ಎದ್ದು ಜಗಲಿಯಲ್ಲಿ ಕುಳಿತು ಬಿ.ಎಚ್. ರಸ್ತೆಯ ಸದ್ದಿಗೆ ಕಿವಿಗೊಡುತ್ತಿದ್ದ. ಲೋಡಾದ ಗಾಡಿ ಯಾವುದು, ಖಾಲಿ ಗಾಡಿ ಯಾವುದು ಎಂದು ಕತ್ತಲಲ್ಲೇ ಹೇಳುತ್ತಿದ್ದ. ಹಗಲಿನಲ್ಲಿ ಊರವರ ಒಂದೇ ಪ್ರಶ್ನೆ: "ಯಾವಾಗ ಹೊರಡ್ತೀಯಾ?" ಬೇಸಿಗೆಯಲ್ಲಿ ಎರಡು ತಿಂಗಳು ಮನೆಯಲ್ಲಿ ಕುಳಿತ ಮೇಷ್ಟ್ರನ್ನು ಯಾರೂ ಹಾಗೆ ಕೇಳಿದ್ದಿಲ್ಲ.

ಒಂಬತ್ತನೆಯ ತರಗತಿಯಲ್ಲಿದ್ದ ಅವನ ಮಗಳು ಮೊದಲ ತಿಂಗಳು ಅಪ್ಪನೊಡನೆ ಮಾತನಾಡಿದ್ದೇ ಕಡಿಮೆ. ಅವಳ ಪಾಲಿಗೆ ಅಪ್ಪನೆಂದರೆ ಮಿಠಾಯಿ ಪೊಟ್ಟಣದೊಡನೆ ಬಂದು ಎರಡು ದಿನ ಮಲಗಿ ಹೋಗುವ ನೆಂಟ. ಒಂದು ಸಂಜೆ ಭೂಪಟದಲ್ಲಿ ನರ್ಮದಾ ನದಿಯನ್ನು ಗುರುತಿಸುವಾಗ ಅವಳು ತಡವರಿಸಿದಳು. ಇವನು ಪಕ್ಕದಲ್ಲಿ ಕುಳಿತು, ಧುಳೆ ದಾಟಿದ ಮೇಲೆ ಘಾಟಿ ಹೇಗೆ ಏರುತ್ತದೆ, ಸೇತುವೆಯ ಮೇಲೆ ಚಾಲಕರು ನದಿಗೆ ನಾಣ್ಯ ಎಸೆದು ಹೇಗೆ ಕೈಮುಗಿಯುತ್ತಾರೆ ಎಂದು ಹೇಳತೊಡಗಿದ. ಹುಡುಗಿ ಪೆನ್ಸಿಲು ಕೆಳಗಿಟ್ಟು ಕೇಳಿದಳು. ಅಂದಿನಿಂದ ಭೂಗೋಳದ ಪಾಠ ಅಪ್ಪನದೇ ಆಯಿತು. ಮೂವತ್ತೆರಡು ವರ್ಷ ಗೋಡೆಯ ನಕ್ಷೆಗೆ ಕೋಲು ತೋರಿಸಿದ ನಾನು ಮೂಲೆಯಲ್ಲಿ ಕುಳಿತು ಕೇಳಿದೆ.

ಆ ಜೂನ್‌ನಲ್ಲಿ ಅವನ ಲೈಸೆನ್ಸಿನ ಅವಧಿ ಮುಗಿಯಿತು. ನವೀಕರಣಕ್ಕೆ ವೈದ್ಯರ ಪ್ರಮಾಣಪತ್ರ ಬೇಕು. ಅದು ಸಿಗದಿದ್ದರೆ ಬದುಕೇ ಮುಗಿದಂತೆ ಎಂಬ ಭಯದಲ್ಲಿ ವ್ಯಾಯಾಮವನ್ನು ವ್ರತದಂತೆ ಮಾಡಿದ. ಪ್ರಮಾಣಪತ್ರ ಸಿಕ್ಕಿತು. ಆಗ ಸಾರಿಗೆ ವಾಹನದ ಲೈಸೆನ್ಸಿಗೆ ಮೂರು ವರ್ಷದ ಅವಧಿ. 2019ರ ತಿದ್ದುಪಡಿಯಿಂದ ಅದು ಐದು ವರ್ಷವಾಗಿದೆ. ಆದರೆ ಅವಧಿ ಮುಗಿದು ಒಂದು ವರ್ಷ ಕಳೆದರೆ ಚಾಲನಾ ಪರೀಕ್ಷೆಯನ್ನು ಮತ್ತೆ ಎದುರಿಸಬೇಕು. ದೀರ್ಘ ರಜೆ ಪಡೆಯುವ ಚಾಲಕರು ಈ ದಿನಾಂಕವನ್ನು ಮರೆಯಬಾರದು.

ಸೆಪ್ಟೆಂಬರಿನಲ್ಲಿ ಅವನು ಮತ್ತೆ ಸ್ಟೇರಿಂಗ್ ಹಿಡಿದ. ದೆಹಲಿಗಲ್ಲ, ತಿಪಟೂರು–ಬೆಂಗಳೂರು ನಡುವಣ ಸಣ್ಣ ಗಾಡಿಗೆ. ಆದಾಯ ಕಡಿಮೆ, ಆದರೆ ರಾತ್ರಿ ಮನೆಯ ಊಟ. ಅಡವಿಟ್ಟ ಸರ ಬಿಡಿಸಿಕೊಳ್ಳಲು ಎರಡು ವರ್ಷ ಹಿಡಿಯಿತು. "ನಷ್ಟ ಆಯ್ತಲ್ಲೋ" ಎಂದದ್ದಕ್ಕೆ, "ಆಯ್ತು ಅಣ್ಣಯ್ಯ. ಆದ್ರೆ ಮಗಳು ಈಗ ಊಟಕ್ಕೆ ನನ್ನ ಕಾಯ್ತಾಳೆ" ಎಂದ.

ನನ್ನ ವಿದ್ಯಾರ್ಥಿಗಳಲ್ಲಿ ಕೆಲವರು ಇಂದು ಲಾರಿ ಮಾಲೀಕರು. ನಿಮ್ಮಲ್ಲಿ ಒಂದು ವಿನಂತಿ. ಚಾಲಕನೊಬ್ಬ ಕಾಯಿಲೆಯಿಂದ ದೀರ್ಘ ರಜೆ ಕೇಳಿದಾಗ, ಬದಲಿಯವನನ್ನು ಅವಶ್ಯವಾಗಿ ಹುಡುಕಿಕೊಳ್ಳಿ. ಆದರೆ "ವಾಸಿಯಾದ ಮೇಲೆ ಬಾ, ನಿನ್ನ ಸೀಟು ನಿನಗೇ" ಎಂಬ ಮಾತನ್ನು ಕೊಟ್ಟು ಕಳುಹಿಸಿ. ಹಾಗೆ ಹೇಳಿ ಕಳುಹಿಸಿದವನು ಅರೆಬರೆ ವಾಸಿಯಾದ ಬೆನ್ನು ಹೊತ್ತು, ನಿಮ್ಮ ಲಕ್ಷಾಂತರ ರೂಪಾಯಿಯ ಗಾಡಿಯನ್ನು ಅವಸರದಿಂದ ಏರುವುದಿಲ್ಲ.