ಲೇಪಾಕ್ಷಿಯ ಹಿತ್ತಿಲ ಹಕ್ಕಿಗಳು

ಹಿಂದೂಪುರದಿಂದ ಪೂರ್ವಕ್ಕೆ ಸುಮಾರು 15 ಕಿಲೋಮೀಟರ್ ದೂರದಲ್ಲಿರುವ ಲೇಪಾಕ್ಷಿಯ ಹೆಸರಿನಲ್ಲಿಯೇ ಒಂದು ಹಕ್ಕಿ ಕುಳಿತಿದೆ. ರಾವಣನ ಖಡ್ಗಕ್ಕೆ ರೆಕ್ಕೆಗಳನ್ನು ಕಳೆದುಕೊಂಡು ಬಿದ್ದಿದ್ದ ಜಟಾಯುವನ್ನು ಶ್ರೀರಾಮನು ‘ಲೇ, ಪಕ್ಷಿ’ ಎಂದು ತೆಲುಗಿನಲ್ಲಿ ಎಬ್ಬಿಸಿದನೆಂಬುದು ಸ್ಥಳಪುರಾಣ. ಕನ್ನಡದಲ್ಲಿ ಎಬ್ಬಿಸಿದ್ದರೆ ಊರು ‘ಏಳುಹಕ್ಕಿ’ಯಾಗುತ್ತಿತ್ತೇನೋ! ಹೆಸರಿಗೆ ಇನ್ನೊಂದು ಕಥೆಯೂ ಉಂಟು. ಅಚ್ಯುತದೇವರಾಯನ ಕಾಲದಲ್ಲಿ ವೀರಭದ್ರನ ಗುಡಿಯನ್ನು ಕಟ್ಟಿಸಿದ ವಿರೂಪಣ್ಣನು ಅರಸನ ಬೊಕ್ಕಸವನ್ನು ಅಪ್ಪಣೆಯಿಲ್ಲದೆ ವ್ಯಯಿಸಿದನೆಂಬ ಆರೋಪಕ್ಕೆ ಗುರಿಯಾಗಿ, ತೀರ್ಪು ಬರುವ ಮುನ್ನವೇ ತನ್ನ ಕಣ್ಣುಗಳನ್ನು ತಾನೇ ಕಿತ್ತು ಗೋಡೆಗೆ ಎಸೆದನಂತೆ. ವಿಚಾರಣೆಗಿಂತ ಶಿಕ್ಷೆ ಮೊದಲಾದ ಆ ಕಥೆಯ ಸಾಕ್ಷಿಯಾಗಿ ಗೋಡೆಯ ಮೇಲಿನ ಕೆಂಪು ಕಲೆಗಳನ್ನು ಇಂದಿಗೂ ತೋರಿಸುತ್ತಾರೆ.

ಪ್ರವಾಸಿಗರು ಏಕಶಿಲೆಯ ಬಸವಣ್ಣನನ್ನು ನೋಡುತ್ತಾರೆ, ನೆಲ ಮುಟ್ಟದ ಕಂಬದ ಅಡಿಯಲ್ಲಿ ಬಟ್ಟೆಯನ್ನು ತೂರಿಸಿ ಪರೀಕ್ಷಿಸುತ್ತಾರೆ, ಮಂಟಪದ ಚಾವಣಿಯ ಚಿತ್ರಗಳತ್ತ ಕತ್ತೆತ್ತಿ ಬೆರಗಾಗುತ್ತಾರೆ, ಕನ್ನಡ ಬಲ್ಲವರು ಗೋಡೆಯ ಕನ್ನಡ ಶಾಸನಗಳ ಮುಂದೆ ಒಂದಿಷ್ಟು ಹೊತ್ತು ನಿಲ್ಲುತ್ತಾರೆ. ಅವರ ವಾಹನಗಳು ಹಿಂತಿರುಗಿದ ಮೇಲೆ ಉಳಿಯುವ ಊರು ಬೇರೆಯೇ. ಮಳೆ ಕಡಿಮೆಯಾದ ಸೀಮೆ ಇದು. ಶೇಂಗಾ, ರಾಗಿ, ನೀರಿದ್ದಲ್ಲಿ ಹಿಪ್ಪುನೇರಳೆ. ಮಳೆ ಕೈಕೊಟ್ಟ ವರ್ಷವೂ ಮನೆಯ ಖರ್ಚಿಗೆ ಎಂಟಾಣೆಯಷ್ಟಾದರೂ ಕೊಡುವ ಸ್ವತ್ತು ಹಿತ್ತಿಲಲ್ಲಿ ಕೆದಕುತ್ತಿರುತ್ತದೆ. ಮೂರು ನಾಲ್ಕು ಹೇಂಟೆ, ಒಂದು ಹುಂಜ, ಒಂದಷ್ಟು ಮರಿ, ಇವೆಲ್ಲ ಸೇರಿದರೆ ಹತ್ತು ಹದಿನೈದು ತಲೆ. ಕಾಳು ಕೇರಿದ ಹೊಟ್ಟು, ತಿಪ್ಪೆಯ ಹುಳು, ಮುಸುರೆಯ ಅಗುಳು ಇಷ್ಟೇ ಮೇವು. ರೇಷ್ಮೆಹುಳು ಸಾಕುವ ಮನೆಯಲ್ಲಿ ಮಾತ್ರ ಕೋಳಿಯನ್ನು ಕಂಡರೆ ಕೋಲು ಮೇಲೇಳುತ್ತದೆ. ಹಣ್ಣಾಗುವ ಹೊತ್ತಿನ ಹುಳುವನ್ನು ಕೋಳಿಯಷ್ಟು ಪ್ರೀತಿಯಿಂದ ಇನ್ನಾರೂ ತಿನ್ನಲಾರರು.

ಈ ಸಾಕಣೆ ಇಡೀ ಕುಟುಂಬದ ಕೆಲಸ. ಸಂಜೆ ಮಂಕರಿಯಡಿ ಮುಚ್ಚಿ ಮೇಲೆ ಕಲ್ಲು ಹೇರುವುದು, ಬೆಳಗ್ಗೆ ಬಿಡುವುದು, ಹದ್ದು ಸುತ್ತಿದಾಗ ಕೂಗಿ ಅಟ್ಟುವುದು ಮಕ್ಕಳ ಪಾಲಿನವು. ಯಾವ ಹೇಂಟೆ ಎಲ್ಲಿ ಕದ್ದು ಮೊಟ್ಟೆಯಿಡುತ್ತಿದೆಯೆಂಬ ಪತ್ತೇದಾರಿ ಅಜ್ಜಿಯದು. ಹೇಂಟೆ ಮೈಯುಬ್ಬಿಸಿ, ಹತ್ತಿರ ಬಂದವರನ್ನು ಗದರಿಸಿ, ಮೊಟ್ಟೆಯಿಲ್ಲದ ಗೂಡಿನಲ್ಲಿಯೂ ಕೂರತೊಡಗಿತೆಂದರೆ ಕಾವಿಗೆ ಬಂದಿದೆಯೆಂದು ಅರ್ಥ. ಬುಟ್ಟಿಯಲ್ಲಿ ಮರಳನ್ನೋ ಹೊಟ್ಟನ್ನೋ ಹಾಸಿ, ಹತ್ತು ಹನ್ನೆರಡು ಮೊಟ್ಟೆಗಳನ್ನಿಟ್ಟು, ಕತ್ತಲಾದ ಮೇಲೆ ಅದನ್ನು ಕೂರಿಸುತ್ತಾರೆ. ಗುಡುಗಿಗೆ ಮೊಟ್ಟೆ ಕೆಡಬಾರದೆಂದು ಇದ್ದಲ ಚೂರನ್ನೋ ಕಬ್ಬಿಣದ ಮೊಳೆಯನ್ನೋ ಜೊತೆಗಿಡುವವರುಂಟು. ಇದ್ದಿಲಿಗೂ ಗುಡುಗಿಗೂ ಏನು ಸಂಬಂಧವೆಂದು ಕೇಳಿ ಅಜ್ಜಿಯರಿಂದ ಉತ್ತರ ಪಡೆದವರಿಲ್ಲ. ಇದ್ದಲಿನಿಂದ ಮೊಟ್ಟೆಗೆ ಕೇಡೇನೂ ಇಲ್ಲವಾದ್ದರಿಂದ ವಾದ ಅಲ್ಲಿಗೇ ನಿಲ್ಲುವುದು ಲೇಸು. ಏಳೆಂಟು ದಿನಗಳ ನಂತರ ಕತ್ತಲೆಯಲ್ಲಿ ಬ್ಯಾಟರಿಯ ಬೆಳಕಿಗೆ ಹಿಡಿದರೆ, ಒಳಗೆ ಕೆಂಪು ನರಗಳ ಜೇಡರಬಲೆ ಕಂಡದ್ದು ಜೀವದ ಮೊಟ್ಟೆ, ಬರಿದೇ ತಿಳಿಯಾಗಿ ಹೊಳೆದದ್ದು ಬಂಜೆ. ಇಪ್ಪತ್ತೊಂದನೆಯ ದಿನ ಚಿಪ್ಪಿನೊಳಗಿಂದ ಸದ್ದು ಕೇಳುತ್ತದೆ. ಅಂದು ಶಾಲೆಗೆ ಹೊರಡುವ ಮಕ್ಕಳು ತಡವಾಗುತ್ತಾರೆ.

ಈ ಸ್ವತ್ತು ಯಾರದು? ಪಹಣಿಯಲ್ಲಿ ಹೊಲ ಗಂಡಸಿನ ಹೆಸರಿನಲ್ಲಿರುವ ಮನೆಯಲ್ಲಿಯೂ ಕೋಳಿ ಬಹುಮಟ್ಟಿಗೆ ಹೆಂಗಸಿನದು. ಮೊಟ್ಟೆ ಮಾರಿದ ಹಣಕ್ಕೆ ಆಕೆ ಯಾರಿಗೂ ಲೆಕ್ಕ ಒಪ್ಪಿಸಬೇಕಾಗಿಲ್ಲ. ಕೋಳಿಯಿಲ್ಲದವರು ಕೋಳಿಯುಳ್ಳವರಾಗುವ ಹಳೆಯ ದಾರಿಯೊಂದಿದೆ: ಪಾಲಿಗೆ ಸಾಕುವುದು. ಒಬ್ಬರು ಹೇಂಟೆಯನ್ನು ಕೊಡುತ್ತಾರೆ, ಮತ್ತೊಬ್ಬರು ಸಾಕುತ್ತಾರೆ, ಹುಟ್ಟಿದ ಮರಿಗಳಲ್ಲಿ ಅರ್ಧ ಇವರಿಗೆ, ಅರ್ಧ ಅವರಿಗೆ. 1872ರ ಭಾರತೀಯ ಕರಾರು ಅಧಿನಿಯಮದ 163ನೆಯ ಕಲಮು ಈ ವಿಷಯವನ್ನು ಬಲ್ಲದು. ನೋಡಿಕೊಳ್ಳಲೆಂದು ಒಪ್ಪಿಸಿದ ಹಸು ಕರು ಹಾಕಿದರೆ ಕರುವೂ ಹಸುವಿನ ಒಡೆಯನಿಗೇ ಸೇರಬೇಕೆಂದು ಅಲ್ಲಿ ಉದಾಹರಣೆ ಕೊಟ್ಟಿದೆ. ಆದರೆ ಅದು ಬೇರೆ ಕರಾರಿಲ್ಲದಿದ್ದಾಗ ಮಾತ್ರ. ಪಾಲಿನ ಮಾತು ಅಂಥ ಬೇರೆ ಕರಾರೇ. ಕಾಗದವಿಲ್ಲ, ರುಜುವಿಲ್ಲ, ಎರಡು ಹಿತ್ತಿಲುಗಳ ನಡುವಿನ ಬೇಲಿಯ ಬಳಿ ಆಡಿದ ಮಾತು. ಹೀಗೆ ಪಾಲಿಗೆ ಕೊಟ್ಟ ಹೇಂಟೆ ತೆಲುಗು ಮನೆಯಿಂದ ಕನ್ನಡ ಮನೆಗೂ, ಕನ್ನಡ ಮನೆಯಿಂದ ತೆಲುಗು ಮನೆಗೂ ಹೋಗುತ್ತದೆ. ಒಂದೆಡೆ ಕೋಳಿ, ಮತ್ತೊಂದೆಡೆ ಕೋಡಿ. ಕೆದಕುವ ತಿಪ್ಪೆ ಒಂದೇ.

ತಳಿಗಳೂ ಎರಡು ಕಡೆಯಿಂದ ಬಂದಿವೆ. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪುಗೊಂಡ ಗಿರಿರಾಜ ಒಂದು ಕಡೆ. ಹೈದರಾಬಾದಿನ ಕುಕ್ಕುಟ ಸಂಶೋಧನಾ ಸಂಸ್ಥೆಯ ವನರಾಜ, ಗ್ರಾಮಪ್ರಿಯ ಮತ್ತೊಂದು ಕಡೆ. ಹಿತ್ತಿಲಲ್ಲಿ ಮೇಯಲೆಂದೇ ಬಣ್ಣದ ಗರಿಯೊಡನೆ ಬೆಳೆಸಿದ ಇವು ನಾಟಿಗಿಂತ ಬೇಗ ತೂಗುತ್ತವೆ, ಹೆಚ್ಚು ಮೊಟ್ಟೆಯಿಡುತ್ತವೆ. ಆದರೆ ಕಾವಿಗೆ ಕೂರುವ ತಾಳ್ಮೆ ಇವಕ್ಕಿಲ್ಲ. ವರ್ಷಕ್ಕೆ ಐವತ್ತು ಅರವತ್ತು ಮೊಟ್ಟೆಯಷ್ಟೇ ಇಡುವ ನಾಟಿ ಹೇಂಟೆಗೆ ಹಿತ್ತಿಲಲ್ಲಿ ಇಂದಿಗೂ ಮರ್ಯಾದೆ ಉಳಿದಿರುವುದು ಇದರಿಂದಲೇ.

ಇಷ್ಟೆಲ್ಲವನ್ನೂ ಒಂದು ವಾರದಲ್ಲಿ ಗುಡಿಸಿಹಾಕುವುದು ಕೊಕ್ಕರೆ ರೋಗ. ತೆಲುಗಿನಲ್ಲಿಯೂ ಹೆಸರು ಬಹುತೇಕ ಅದೇ, ಕೊಕ್ಕೆರ ತೆಗುಲು. ಪುಸ್ತಕದಲ್ಲಿ ರಾಣಿಖೇತ್. ಕೋಳಿ ಹಸಿರಾಗಿ ಹೇಲುತ್ತದೆ, ಬಾಯಿ ತೆರೆದು ಏದುತ್ತದೆ, ಕತ್ತು ತಿರುಚಿಕೊಂಡು ಬೀಳುತ್ತದೆ; ಬಿದ್ದ ಮೇಲೆ ಔಷಧವಿಲ್ಲ. ಬರುವ ಮುನ್ನ ಲಸಿಕೆಯುಂಟು. ಮರಿಗೆ ಮೊದಲ ವಾರದಲ್ಲಿ ಕಣ್ಣಿಗೋ ಮೂಗಿಗೋ ಒಂದು ತೊಟ್ಟು, ಎರಡು ತಿಂಗಳ ಹೊತ್ತಿಗೆ ರೆಕ್ಕೆಯಡಿ ಸೂಜಿ. ಅಗ್ಗದ ಔಷಧ. ತೊಡಕಿರುವುದು ಬೆಲೆಯಲ್ಲಲ್ಲ, ಸೀಸೆಯಲ್ಲಿ. ಒಂದು ಚಿಕ್ಕ ಸೀಸೆಯಲ್ಲಿ ನೂರು ಕೋಳಿಗಾಗುವಷ್ಟು ಲಸಿಕೆ ಇರುತ್ತದೆ. ನೀರು ಬೆರೆಸಿದ ಮೇಲೆ ಎರಡು ಗಂಟೆಯೊಳಗೆ ಮುಗಿಯಬೇಕು, ಅಲ್ಲಿಯವರೆಗೆ ಮಂಜುಗಡ್ಡೆಯ ಮೇಲಿರಬೇಕು. ಹತ್ತು ಕೋಳಿಯ ಮನೆ ನೂರು ಕೋಳಿಯ ಸೀಸೆಯನ್ನು ತಂದು ಏನು ಮಾಡೀತು? ತರುವುದೇ ಇಲ್ಲ. ಬೇಸಿಗೆ ಬರುತ್ತದೆ, ಮಂಕರಿ ಬರಿದಾಗುತ್ತದೆ.

ರೋಗ ಕಂಡೊಡನೆ ಉಳಿದವನ್ನು ಸಂತೆಗೆ ಒಯ್ದು ಮಾರಿಬಿಡುವ ವಾಡಿಕೆ ಇದಕ್ಕಿಂತ ಕೆಟ್ಟದ್ದು. ಮಾರಿದವರಿಗೆ ನಾಲ್ಕು ಕಾಸು ಸಿಕ್ಕೀತು, ಕೊಂಡವರ ಹಿತ್ತಿಲಿಗೆ ರೋಗವೂ ಕೋಳಿಯೊಡನೆ ನಡೆದು ಹೋಗುತ್ತದೆ. ಪ್ರಾಣಿಗಳ ಸಾಂಕ್ರಾಮಿಕ ರೋಗಗಳ ತಡೆ ಕುರಿತ 2009ರ ಕೇಂದ್ರ ಅಧಿನಿಯಮದ ಪಟ್ಟಿಯಲ್ಲಿ ಈ ರೋಗವೂ ಸೇರಿದೆ. ಅದರ ಪ್ರಕಾರ ಪಟ್ಟಿಯ ರೋಗವಿದೆಯೆಂದು ಅನುಮಾನ ಬಂದೊಡನೆ ಗ್ರಾಮಾಧಿಕಾರಿಗೋ ಪಂಚಾಯಿತಿಗೋ ತಿಳಿಸುವುದು ಒಡೆಯನ ಕರ್ತವ್ಯ, ರೋಗದ ಪ್ರಾಣಿಯನ್ನು ಬೇರೆ ಇಡುವುದೂ ಕರ್ತವ್ಯ. ಹತ್ತು ಸಾವಿರ ಕೋಳಿಯ ಫಾರಂಗೂ ಹತ್ತು ಕೋಳಿಯ ಅಜ್ಜಿಗೂ ಕಾನೂನು ಒಂದೇ. ಆದರೆ ನಾಲ್ಕು ಕೋಳಿ ಸತ್ತದ್ದನ್ನು ದೂರಿನ ವಿಷಯವೆಂದು ಹಿತ್ತಿಲ ಒಡತಿ ಎಣಿಸುವುದಿಲ್ಲ. ಎಣಿಸಬಹುದೆಂದು ಆಕೆಗೆ ಅವಳ ಭಾಷೆಯಲ್ಲಿ ಹೇಳಿದವರೂ ವಿರಳ. ದೂರು ದಾಖಲಾಗದ ಸಾವು ಯಾವ ಲೆಕ್ಕಕ್ಕೂ ಸೇರುವುದಿಲ್ಲ, ಲೆಕ್ಕಕ್ಕೆ ಸೇರದ ಬೀದಿಗೆ ಲಸಿಕೆಯವರು ಬರುವುದೂ ತಡ.

ಹೀಗಾಗಿ ಹತ್ತು ಕೋಳಿಯನ್ನು ಒಂದು ಮನೆ ಸಾಕಬಹುದು, ಒಂದೇ ಮನೆ ಉಳಿಸಿಕೊಳ್ಳಲಾರದು. ಸೀಸೆಗೆ ಹತ್ತು ಮನೆ ಬೇಕು. ಹಿಂದಿನ ಸಂಜೆಯೇ ಬೀದಿಯಲ್ಲಿ ಮಾತಾಗಬೇಕು, ತೆಲುಗಿನವರೊಂದಿಗೆ ತೆಲುಗಿನಲ್ಲಿ, ಕನ್ನಡದವರೊಂದಿಗೆ ಕನ್ನಡದಲ್ಲಿ. ಮರುದಿನ ಯಾರೂ ಕೋಳಿಯನ್ನು ಹೊರಗೆ ಬಿಡಕೂಡದು. ಬಿಸಿಲೇರುವ ಮುನ್ನ ಪಶುವೈದ್ಯಶಾಲೆಯ ಸಿಬ್ಬಂದಿಯೋ ತಿಳಿದವರೋ ಸೀಸೆಯನ್ನು ಒಡೆದರೆ, ಒಬ್ಬೊಬ್ಬರ ಮಂಕರಿಯನ್ನೂ ಎತ್ತಿ ಮಕ್ಕಳು ಮರಿಗಳನ್ನು ಹಿಡಿದು ಕೊಡುತ್ತಾರೆ. ಕಣ್ಣಿಗೆ ಬಿದ್ದ ತೊಟ್ಟು ಇಂಗಿ, ಮರಿ ರೆಪ್ಪೆ ಬಡಿಯುವ ತನಕ ಬಿಡಬಾರದು. ಅದಕ್ಕಾಗಿ ಮಕ್ಕಳು ಎಣಿಸುತ್ತಾರೆ: ಒಂದು ಮನೆಯಲ್ಲಿ ಒಂದು, ಎರಡು, ಮೂರು, ಪಕ್ಕದ ಮನೆಯಲ್ಲಿ ಒಕಟಿ, ರೆಂಡು, ಮೂಡು.